ಒಂದೇ ಗುಂಡು ಒಮ್ಮೆ ಚೂರಾಗುತ್ತದೆ, ಇನ್ನೊಮ್ಮೆ ಅರಳುವುದೇ ಇಲ್ಲ: ಏಕೆ?

ಪ್ರಶ್ನೆ: ನನ್ನದು 308 ವಿಂಚೆಸ್ಟರ್ ರೈಫಲ್. ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವಾಗ ಸೀಸದ ಮೂತಿಯ 150 ಗ್ರೇನ್ (ಸುಮಾರು 9.7 ಗ್ರಾಂ) ತೂಕದ ಗುಂಡುಗಳನ್ನು ಬಳಸುತ್ತೇನೆ. ಒಮ್ಮೆ 40 ಮೀಟರಿನಿಂದ ಹೊಡೆದ ಗುಂಡು ಹೆಗಲ ಮೂಳೆಗೆ ತಗುಲಿ ಪುಡಿಪುಡಿಯಾಯಿತು. ಇನ್ನೊಮ್ಮೆ 400 ಮೀಟರಿನಿಂದ ಹೊಡೆದದ್ದು ಸೂಜಿ ತೂರಿದಂತೆ ಪಕ್ಕೆಯಿಂದ ಪಕ್ಕೆಗೆ ದಾಟಿಹೋಗಿ, ಗಾಯಗೊಂಡ ಪ್ರಾಣಿಯನ್ನು ಬಹಳ ದೂರ ಹುಡುಕಬೇಕಾಯಿತು. ನಂಬಬಹುದಾದ ಗುಂಡನ್ನು ಆರಿಸುವುದು ಹೇಗೆ?

ಉತ್ತರ: ಎರಡು ಸಲವೂ ಗುಂಡು ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಂಡಿದೆ, ಬೇರೆಯಾದದ್ದು ಪ್ರಾಣಿಗೆ ತಗುಲಿದಾಗ ಅದಕ್ಕಿದ್ದ ವೇಗ. ತೋಟಾದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ನಳಿಗೆಯಿಂದ ಹೊರಬೀಳುವಾಗಿನ ವೇಗ. ನಿಮ್ಮ ಗುಂಡಿಗೆ ಅದು ಸೆಕೆಂಡಿಗೆ ಸುಮಾರು 860 ಮೀಟರ್. 40 ಮೀಟರಿನಲ್ಲಿ 820ರ ಆಸುಪಾಸು ಉಳಿದಿರುತ್ತದೆ. 400 ಮೀಟರ್ ತಲುಪುವ ಹೊತ್ತಿಗೆ, ಗಾಳಿಯನ್ನು ಚೆನ್ನಾಗಿ ಸೀಳದ ಸಾಧಾರಣ ಆಕಾರದ ಗುಂಡಾದರೆ, 520ರ ಹತ್ತಿರಕ್ಕೆ ಇಳಿದಿರುತ್ತದೆ. ಸೀಸದ ತಿರುಳಿನ ಬಹುತೇಕ ಬೇಟೆಗುಂಡುಗಳು ಸರಿಯಾಗಿ ಅರಳಲು, ಅಂದರೆ ಮೂತಿ ಅಗಲವಾಗಿ ಹರಡಿಕೊಳ್ಳಲು, ಸುಮಾರು 550 ಬೇಕು. ಆದ್ದರಿಂದ ಗುಂಡನ್ನು ಆರಿಸುವ ಮೊದಲು ನೀವು ಕೇಳಿಕೊಳ್ಳಬೇಕಾದದ್ದು, ನನ್ನ ಅತಿ ಹತ್ತಿರದ ಈಡು ಎಷ್ಟು ದೂರದ್ದು, ಅತಿ ದೂರದ್ದು ಎಷ್ಟು, ಆ ಎರಡು ಕಡೆಗಳಲ್ಲಿ ಗುಂಡಿನ ವೇಗ ಎಷ್ಟಿರುತ್ತದೆ ಎಂಬುದನ್ನು. ತಯಾರಕರ ವೇಗದ ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ, ಆದರೆ ಆ ಪಟ್ಟಿಯನ್ನು ಮೊದಲ ಸಾಲಿನ ಆಚೆಗೆ ಓದುವವರು ಕಡಿಮೆ.

ಬೇಟೆಗುಂಡಿಗೆ ಇರುವ ಕೆಲಸಗಳು ಎರಡು, ಮತ್ತು ಅವು ಒಂದಕ್ಕೊಂದು ವಿರುದ್ಧ. ಅದು ಮುಂಭಾಗದಲ್ಲಿ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡಬೇಕು. ಜೊತೆಗೆ ಹೃದಯ, ಶ್ವಾಸಕೋಶಗಳನ್ನು ಮುಟ್ಟುವವರೆಗೂ ಇಡಿಯಾಗಿ ಉಳಿಯಬೇಕು. ಬೇಗ ಅರಳುವ ಗುಂಡು ಬೇಗ ನಿಲ್ಲುತ್ತದೆ, ಗಟ್ಟಿಯಾದದ್ದು ತಡವಾಗಿ ಅರಳುತ್ತದೆ. ತೆಳು ತಾಮ್ರದ ಹೊದಿಕೆಯೊಳಗೆ ಸೀಸವನ್ನು ಸುಮ್ಮನೆ ತುಂಬಿರುವ ಸಾಧಾರಣ ಗುಂಡು, ಮಧ್ಯಮ ವೇಗದಲ್ಲಿ, ಪಕ್ಕೆಲುಬುಗಳ ನಡುವೆ ಹೋದರೆ ಜಿಂಕೆಗೆ ಸಾಕೇ ಸಾಕು. ಅದನ್ನು ಅಗ್ಗದ್ದೆಂದು ಹಳಿಯುವುದು ನನಗೆ ಸರಿಕಾಣದು. ಹತ್ತಿರದಿಂದ ದಪ್ಪ ಮೂಳೆಗೆ ಬಿದ್ದಾಗ ಮಾತ್ರ ಹೊದಿಕೆ ಒಂದು ಕಡೆ, ಸೀಸ ಒಂದು ಕಡೆ ಆಗುತ್ತದೆ.

ಈ ತೊಂದರೆ ಹಳೆಯದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರ ಮೂಸ್ ಎಂಬ ಭಾರಿ ಜಿಂಕೆಯೊಂದಕ್ಕೆ ಹೊಡೆದ ಗುಂಡುಗಳು, ಅದರ ಮೈಮೇಲೆ ಒಣಗಿದ್ದ ಕೆಸರಿನ ಪದರಕ್ಕೂ ದಪ್ಪ ಮಾಂಸಖಂಡಕ್ಕೂ ಬಡಿದು, ಒಳಗೆ ಆಳಕ್ಕೆ ಇಳಿಯದೆ ಹೋದವು. ಆತ ಗುಂಡಿನ ನಡುವೆ ತಾಮ್ರಮಿಶ್ರಲೋಹದ ಅಡ್ಡಗೋಡೆಯೊಂದನ್ನು ಇಟ್ಟ. ಮುಂದಿನ ಅರ್ಧ ಅರಳಿ ಸವೆದರೂ ಹಿಂದಿನ ಅರ್ಧ ಹಾಗೆಯೇ ಮುಂದಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂಬ ಹೆಸರಿನ ಆ ಗುಂಡು ಇಂದಿಗೂ ಮಾರಾಟದಲ್ಲಿದೆ. ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡುಗಳು ಇದೇ ಸಮಸ್ಯೆಗೆ ಇನ್ನೊಂದು ಪರಿಹಾರ.

ಪೂರ್ತಿ ತಾಮ್ರದ ಗುಂಡು ಬೇರೆಯದೇ ಜಾತಿ. ಅದರ ಮೂತಿಯಲ್ಲಿರುವ ಕುಳಿಯೊಳಗೆ ರಕ್ತ, ಮಾಂಸದ ಒತ್ತಡ ತುಂಬಿದಾಗ ಮುಂಭಾಗ ಹೂವಿನ ಎಸಳುಗಳಂತೆ ಸೀಳಿ ಹಿಂದಕ್ಕೆ ಬಾಗುತ್ತದೆ. ಚರ್ಮದಡಿ ಸಿಕ್ಕಿಬಿದ್ದ ಅಂಥ ಗುಂಡನ್ನು ತೊಳೆದು ಅಂಗೈಯಲ್ಲಿಟ್ಟು ನೋಡಿದರೆ ನಾಲ್ಕು ಎಸಳುಗಳೂ ಹಿಂಬದಿಯ ದಿಂಡೂ ಸ್ಪಷ್ಟವಾಗಿ ಕಾಣುತ್ತವೆ. ತೂಗಿದರೆ ಎಷ್ಟೋ ಸಲ ಮೊದಲಿನ ತೂಕದ ಶೇಕಡಾ 95ಕ್ಕಿಂತ ಹೆಚ್ಚು ಉಳಿದಿರುತ್ತದೆ. ಮಾಂಸದಲ್ಲಿ ಸೀಸದ ಚೂರು ಉಳಿಯುವುದಿಲ್ಲ ಎಂಬುದು ಸಣ್ಣ ಲಾಭವಲ್ಲ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸವನ್ನು ತಿಂದ ಕಾಂಡೋರ್ ಹದ್ದುಗಳಿಗೆ ಸೀಸದ ವಿಷವೇರುತ್ತಿದ್ದುದರಿಂದಲೇ ಕ್ಯಾಲಿಫೋರ್ನಿಯಾ ರಾಜ್ಯ ಹಂತಹಂತವಾಗಿ ಬಿಗಿಮಾಡುತ್ತ, 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು. ಆದರೆ ತಾಮ್ರ ಅರಳಲು ಹೆಚ್ಚು ವೇಗ ಬೇಕು. ಹಲವು ಮಾದರಿಗಳಿಗೆ ಸೆಕೆಂಡಿಗೆ 600 ಮೀಟರಿನಷ್ಟು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ಗುಂಡು ಹೆಚ್ಚು ಉದ್ದವಾಗಿರುತ್ತದೆ, ಉದ್ದವಾದದ್ದು ಸ್ಥಿರವಾಗಿ ಹಾರಲು ನಳಿಗೆಯ ತಿರುಚು (ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳು) ಬಿಗಿಯಾಗಿರಬೇಕು. ಆದ್ದರಿಂದ ತಾಮ್ರಕ್ಕೆ ಬದಲಾಯಿಸುವಾಗ 150ರ ಬದಲು 130 ಗ್ರೇನ್ ತೆಗೆದುಕೊಳ್ಳುವುದು ಜಾಣತನ: ವೇಗವೂ ಏರುತ್ತದೆ, ಉದ್ದವೂ ಹತೋಟಿಯಲ್ಲಿರುತ್ತದೆ.

ಮೂತಿಯನ್ನೂ ಮುಚ್ಚಿದ ಪೂರ್ಣ ಹೊದಿಕೆಯ ಸೈನಿಕ ಮಾದರಿಯ ಗುಂಡು ಜಿಂಕೆಗೆ ಬೇಡವೇ ಬೇಡ. ಅದು ಅರಳದಿರಲೆಂದೇ ಮಾಡಿದ್ದು, ಮತ್ತು ದೊಡ್ಡ ಪ್ರಾಣಿಗಳ ಬೇಟೆಗೆ ಅದನ್ನು ಹಲವೆಡೆ ಕಾನೂನೇ ತಡೆದಿದೆ.

ಇನ್ನು ನಿಮ್ಮ ವಿಷಯ. 400 ಮೀಟರಿನ ಈಡಿಗೆ ಗುಂಡು ಹುಡುಕುವುದಕ್ಕಿಂತ ಆ ಈಡನ್ನೇ ಬಿಡುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಅಷ್ಟು ದೂರದಲ್ಲಿ ಗುಂಡು ತಲುಪುವುದರೊಳಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತದೆ, ಪ್ರಾಣಿ ಒಂದು ಹೆಜ್ಜೆ ಇಟ್ಟರೂ ಗುರಿ ಹೊಟ್ಟೆಗೆ ಜಾರುತ್ತದೆ. 250 ಮೀಟರಿನ ಒಳಗೇ ಹೊಡೆಯುವುದಾದರೆ ಅದೇ ತೂಕದ ಬಾಂಡೆಡ್ ಗುಂಡು ಹತ್ತಿರಕ್ಕೂ ದೂರಕ್ಕೂ ಒದಗುತ್ತದೆ. ಎರಡು ಮೂರು ಮಾದರಿಗಳನ್ನು ಒಂದೊಂದೇ ಪೆಟ್ಟಿಗೆ ತಂದು, ನಿಮ್ಮ ರೈಫಲ್ ಯಾವುದನ್ನು ಒಂದೇ ಕಡೆ ಗುಂಪಾಗಿ ಹೊಡೆಯುತ್ತದೆಂದು ಕಾಗದದ ಮೇಲೆ ನೋಡಿ. ಆರಿಸಿದ ಮೇಲೆ ರೈಫಲ್ ಮೇಲಿನ ದುರ್ಬೀನನ್ನು ಹೊಸದಾಗಿ ಗುರಿಗೆ ಹೊಂದಿಸುವುದನ್ನು ಮರೆಯಬೇಡಿ. ತೂಕ ಒಂದೇ ಆದರೂ ಗುಂಡು ಬದಲಾದರೆ 100 ಮೀಟರಿನಲ್ಲಿ ಅದು ಬೀಳುವ ಜಾಗ ಕೆಲವು ಸೆಂಟಿಮೀಟರ್ ಸರಿಯಬಹುದು.