ಉದುರಿದ ಗೋಡೆಗೆ ನಾನೇ ಗಾರೆ ಹಾಕಬಹುದಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೆ ಮನೆ. ಮಳೆಗಾಲ ಕಳೆದ ಮೇಲೆ ಒಳಗೋಡೆಯ ಪ್ಲಾಸ್ಟರ್ ಅಲ್ಲಲ್ಲಿ ಉದುರಿದೆ. ಆಮೇಲೆ ಕಟ್ಟಿಸಿದ ಆರ್‌ಸಿಸಿ ಕೋಣೆಯ ಸೀಲಿಂಗ್‌ನಲ್ಲೂ ಒಂದು ಕಡೆ ಬಿದ್ದಿದೆ. ಸಣ್ಣ ಕೆಲಸ ಅಂತ ಗಾರೆಯವರು ಬರುತ್ತಿಲ್ಲ. ನಾನೇ ಮಾಡಬಹುದಾ?

ಗೋಡೆಯದ್ದು ಮಾಡಿ. ಸೀಲಿಂಗ್ ತಂಟೆಗೆ ಹೋಗಬೇಡಿ.

ಸಿಮೆಂಟ್ ತರಲು ಹೊರಡುವ ಮೊದಲು ಉದುರಿದ ಜಾಗದಲ್ಲಿ ಒಳಗೆ ಏನಿದೆ ನೋಡಿ. ನಮ್ಮ ಕಡೆ ಹಳೆ ಮನೆಗಳಲ್ಲಿ ಎರಡು ಥರ ಜಾಸ್ತಿ: ಮಣ್ಣಿನ ಗೋಡೆ, ಜಂಬಿಟ್ಟಿಗೆ ಅಂದರೆ ಕೆಂಪು ಮುರಕಲ್ಲಿನ ಗೋಡೆ. ಅನುಮಾನ ಇದ್ದರೆ ಸ್ವಲ್ಪ ನೀರು ಚಿಮುಕಿಸಿ ಮೊಳೆಯಿಂದ ಕೆರೆಯಿರಿ. ಕೆಸರಾಗಿ ಬಂದರೆ ಮಣ್ಣು.

ಮಣ್ಣಿನ ಗೋಡೆಯಾದರೆ ಸಿಮೆಂಟ್ ಬೇಡವೇ ಬೇಡ. ಬಹುಶಃ ಈಗ ಉದುರಿದ್ದೂ ಯಾರೋ ಹಿಂದೆ ಬಳಿಸಿದ ಸಿಮೆಂಟೇ ಇರಬೇಕು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಮೇಲೆ ಸಿಮೆಂಟಿನ ಗಟ್ಟಿ ಪದರ ಇದ್ದರೆ ಆ ತೇವ ಹೊರಗೆ ಬರಲು ದಾರಿ ಇಲ್ಲ. ಒಳಗೇ ಮಣ್ಣು ಮೆತ್ತಗಾಗಿ, ಒಂದು ದಿನ ಸಿಮೆಂಟ್ ಹಾಳೆ ಹಾಗೇ ಕಳಚಿ ಬೀಳುತ್ತದೆ. ಇಂಥ ಗೋಡೆಗೆ ಮಣ್ಣೇ ಮದ್ದು. ಜರಡಿ ಹಿಡಿದ ಕೆಮ್ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ತುಳಿದು, ಒಂದೆರಡು ದಿನ ನೆನೆಯಲು ಬಿಡಿ. ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಣಗಿಸಿ. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಪುಡಿಪುಡಿಯಾಗಿ ಉದುರಿದರೆ ಮಣ್ಣು ಹೆಚ್ಚಿಸಿ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾ ಬಂದಿದ್ದು ಕೆಮ್ಮಣ್ಣು ಬಳಿದ ಇಂಥ ಗೋಡೆಗಳ ಮೇಲೇ. ಹೊಸಬರ ಕೈಗೆ ಇದಕ್ಕಿಂತ ಸುಲಭದ ಗಾರೆ ಇಲ್ಲ. ತಪ್ಪಿದರೆ ಕೆರೆದು, ನೀರು ಹಾಕಿ ಮತ್ತೆ ಕಲಸಿದರಾಯ್ತು.

ಜಂಬಿಟ್ಟಿಗೆ ಗೋಡೆಗೆ ಸಿಮೆಂಟ್ ಗಾರೆ ನಡೆಯುತ್ತದೆ. ಆದರೆ ಈ ಕಲ್ಲಿನ ತುಂಬ ತೂತು, ನೀರು ಕುಡಿಯುವುದರಲ್ಲಿ ಎತ್ತಿದ ಕೈ. ನಾನು ಮೊದಲ ಸಲ ಕೈ ಹಾಕಿದ್ದು ನಮ್ಮ ಕೊಟ್ಟಿಗೆ ಗೋಡೆಗೆ. ಸಂಜೆ ನೋಡಿದಾಗ ಚೆಂದ ಇತ್ತು. ಮೂರ್ನಾಲ್ಕು ದಿನ ಬಿಟ್ಟು ಕೈಯಾಡಿಸಿದರೆ ಮರಳು ಉದುರುತ್ತಿತ್ತು. ಪಕ್ಕದ ಮನೆಗೆ ಬಂದಿದ್ದ ಮೇಸ್ತ್ರಿ ನೋಡಿ ನಕ್ಕುಬಿಟ್ಟರು: "ಗೋಡೆಗೆ ನೀರು ಕುಡಿಸದೆ ಗಾರೆ ಹಾಕ್ತಾರೇನ್ರೀ ಮಾರಾಯ್ರೆ?" ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ಆ ನೀರನ್ನು ಒಣಗಿದ ಕಲ್ಲು ಎಳೆದುಕೊಂಡಿತ್ತು, ಅಷ್ಟೇ. ಹಿಂದಿನ ದಿನ ಚೆನ್ನಾಗಿ ತೋಯಿಸಿ, ಕೆಲಸ ಶುರು ಮಾಡುವ ಮೊದಲು ಇನ್ನೊಮ್ಮೆ ಚಿಮುಕಿಸಿ. ಗೋಡೆ ತಣ್ಣಗಿರಬೇಕು, ಮೇಲೆ ನೀರು ಇಳಿಯುತ್ತಿರಬಾರದು.

ತೋಯಿಸುವ ಮೊದಲೇ ಉದುರಿದ ಜಾಗದ ಸುತ್ತ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟನ್ನೂ ಕೆಡವಿ. ಕಲ್ಲಿನ ಸಂದುಗಳನ್ನು ಒಂದು ಸೆಂಟಿಮೀಟರ್ ಆಳಕ್ಕೆ ಕೆರೆದು, ತಂತಿ ಬ್ರಷ್‌ನಿಂದ ಧೂಳು ತೆಗೆಯಿರಿ. ಗೋಡೆಯ ಕೆಳಗಿನ ಎರಡು ಮೂರು ಅಡಿ ಮಾತ್ರ ಉದುರಿದ್ದರೆ ನೆಲದಿಂದ ನೀರು ಏರುತ್ತಿದೆ ಅಂತ ಲೆಕ್ಕ. ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ, ಚರಂಡಿ ಕಟ್ಟಿಕೊಂಡಿದೆಯಾ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಸುರಿಯುವ ತಾಲ್ಲೂಕು ನಿಮ್ಮದು. ನೀರಿನ ದಾರಿ ಸರಿಮಾಡದೆ ಹಾಕಿದ ಗಾರೆ ಮುಂದಿನ ವರ್ಷ ಮತ್ತೆ ನೆಲದ ಮೇಲಿರುತ್ತದೆ.

ಒಳಗೋಡೆಗೆ 1 ಪಾಲು ಸಿಮೆಂಟಿಗೆ 5 ಅಥವಾ 6 ಪಾಲು ಮರಳು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನುವುದು ತಪ್ಪು, ಬಿರುಕು ಜಾಸ್ತಿ ಅಷ್ಟೇ. ಐದಡಿಗೆ ಐದಡಿ ಜಾಗಕ್ಕೆ 12 ಮಿ.ಮೀ. ದಪ್ಪ ಹಾಕಲು ಹತ್ತು ಕೆಜಿ ಸಿಮೆಂಟ್ ಸಾಕು. ಮರಳು ಪ್ಲಾಸ್ಟರಿಂಗ್‌ಗೆ ಅಂತಲೇ ಸಿಗುವ ನುಣುಪಿನದ್ದು ಕೇಳಿ. ಕಳೆದ ವರ್ಷದ ಮೂಟೆ ಅಟ್ಟದ ಮೇಲಿದೆಯಾ? ಗಂಟು ಕಟ್ಟಿದ್ದರೆ ಅದರ ಆಸೆ ಬಿಡಿ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗುತ್ತಿರುವ ಗಾರೆಗೆ ಮತ್ತೆ ನೀರು ಬೆರೆಸಬೇಡಿ.

ಗಾರೆಯನ್ನು ಗೋಡೆಗೆ ಬಳಿಯುವುದಲ್ಲ, ಎಸೆಯುವುದು. ಕರಣೆಯಲ್ಲಿ ಸ್ವಲ್ಪ ತೆಗೆದುಕೊಂಡು ಮಣಿಕಟ್ಟು ತಿರುಗಿಸಿ ಕೆಳಗಿನಿಂದ ಮೇಲಕ್ಕೆ ಬೀಸಬೇಕು. ಮೊದಲ ಒಂದು ಗಂಟೆ ಅರ್ಧಕ್ಕರ್ಧ ನೆಲಕ್ಕೇ ಬೀಳುತ್ತದೆ, ಬೇಜಾರಾಗಬೇಡಿ. ಕೆಳಗೆ ಗೋಣಿಚೀಲ ಹಾಸಿ. ಕೈಗೆ ಗ್ಲೌಸ್ ಇರಲಿ, ಸಿಮೆಂಟ್ ಚರ್ಮ ಸುಡುತ್ತದೆ. ತೇಪೆ ಕೆಲಸದಲ್ಲಿ ಒಂದು ಅನುಕೂಲ ಇದೆ: ಸುತ್ತಲಿನ ಹಳೆ ಪ್ಲಾಸ್ಟರೇ ನಿಮಗೆ ಮಟ್ಟ. ಮಟ್ಟಗೋಲನ್ನು ಎರಡೂ ಬದಿಗೆ ತಾಗಿಸಿ ಎಳೆದರೆ ಹೆಚ್ಚಿದ್ದು ಬರುತ್ತದೆ, ತಗ್ಗು ಕಾಣುತ್ತದೆ. ಗಾರೆ ಸ್ವಲ್ಪ ಬಿಗಿದ ಮೇಲೆ ಮರದ ಮಣೆಯಿಂದ ಉಜ್ಜಿ. ಬೇಗ ಒಣಗಲಿ ಅಂತ ಪುಡಿ ಸಿಮೆಂಟ್ ಉದುರಿಸಬೇಡಿ. ಎಷ್ಟೋ ಗೋಡೆಗಳ ಮೇಲೆ ಕಾಣುವ ಜೇಡರ ಬಲೆಯಂಥ ಬಿರುಕಿಗೆ ಆ ಪುಡಿಯೇ ಕಾರಣ. ಮರುದಿನದಿಂದ ಕಡಿಮೆ ಅಂದರೆ ಏಳು ದಿನ ನೀರು ಹೊಡೆಯಿರಿ.

ಸೀಲಿಂಗ್ ಯಾಕೆ ಬೇಡ ಅಂದೆ? ತಲೆಯ ಮೇಲೆ ಎಸೆದ ಗಾರೆ ಕಣ್ಣಿಗೇ ಬೀಳುತ್ತದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು, ಬಿದ್ದಿರುವುದು ಬರೀ ಪ್ಲಾಸ್ಟರಾ, ಕಾಂಕ್ರೀಟಾ ಅನ್ನುವುದು. ಕಾಂಕ್ರೀಟಿನ ಒಳಗಿರುವ ಕಬ್ಬಿಣದ ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಕೆಳಗೆ ನೂಕುತ್ತದೆ. ಬಿದ್ದ ಜಾಗದಲ್ಲಿ ಕೆಂಪು ಕಲೆಯೋ ಸರಳೋ ಕಂಡರೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ, ಎಂಜಿನಿಯರ್ ಒಬ್ಬರನ್ನು ಕರೆಸಿ. ಮೇಲೆ ಗಾರೆ ಮೆತ್ತಿ ಮುಚ್ಚಿದರೆ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಗೋಡೆ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಗೋಡೆಯ ಒಳಗಿನ ತೇವ ಆರಿರುತ್ತದೆ. ಬಣ್ಣಕ್ಕೆ ಮಾತ್ರ ಆತುರ ಬೇಡ, ಒಂದು ತಿಂಗಳು ಹಾಗೇ ಬಿಡಿ.