ಇಪ್ಪತ್ತೈದು ಸೆಂಟು, ಆದರೆ ನಾಲ್ಕನೇ ಒಂದು

ನ್ಯೂಜೆರ್ಸಿಯಲ್ಲಿ ನನ್ನ ಹತ್ತಿರ ವಾರಾಂತ್ಯದ ಗಣಿತಪಾಠಕ್ಕೆ ಬರುವ ಮಕ್ಕಳ ಮುಂದೆ ನಾನು ಮೊದಲು ಸುರಿಯುವುದು ಒಂದು ಡಬ್ಬಿ ಚಿಲ್ಲರೆ: ಒಂದು ಸೆಂಟಿನ ಪೆನ್ನಿ, ಐದರ ನಿಕಲ್, ಹತ್ತರ ಡೈಮ್, ಇಪ್ಪತ್ತೈದರ ಕ್ವಾರ್ಟರ್. ಡಾಲರಿಗೆ ನೂರು ಸೆಂಟು. 'ನಿಕಲ್ ಅಂದರೆ ಡಾಲರಿನ ಎಷ್ಟನೇ ಭಾಗ?' ಎಂದರೆ ಬಹಳ ಮಕ್ಕಳು 1/5 ಅನ್ನುತ್ತಾರೆ. ಕ್ವಾರ್ಟರ್? 1/25. ಐದು ಸೆಂಟು, ಇಪ್ಪತ್ತೈದು ಸೆಂಟು ಎಂದು ಕಲಿತ ಸಂಖ್ಯೆಯನ್ನೇ ತಂದು ಛೇದದಲ್ಲಿ ಕೂರಿಸಿಬಿಡುತ್ತಾರೆ. ದಡ್ಡತನವೇನಲ್ಲ. ಇಲ್ಲಿನ ಬಹುತೇಕ ಶಾಲೆಗಳಲ್ಲಿ ನಾಣ್ಯ ಎಣಿಸುವುದು ಎರಡನೇ ತರಗತಿಗೆ, ಭಿನ್ನರಾಶಿ ಮೂರನೆಯದಕ್ಕೆ. ನಡುವೆ ಗಂಟು ಹಾಕುವವರು ಬೇಕು.

ನಾನು ಸೂತ್ರ ಹೇಳುವುದಿಲ್ಲ. 'ಒಂದು ಡಾಲರಿಗೆ ಚಿಲ್ಲರೆ ಕೊಡು, ಬರೀ ನಿಕಲ್' ಎನ್ನುತ್ತೇನೆ. ಮೇಜಿನ ಮೇಲೆ ಇಪ್ಪತ್ತು ಬೀಳುತ್ತವೆ. ಇಪ್ಪತ್ತರಲ್ಲಿ ಒಂದು, 1/20. ಡೈಮ್ ಆದರೆ ಹತ್ತು, ಕ್ವಾರ್ಟರ್ ಆದರೆ ನಾಲ್ಕು. ಪೆನ್ನಿ ನೂರು ಎಣಿಸುವ ತಾಳ್ಮೆ ಯಾರಿಗೂ ಇಲ್ಲ, ನನಗೂ.

ಡೈಮ್ ಮಾತ್ರ ಕಾಟ ಕೊಡುತ್ತದೆ. ನಿಕಲ್‌ಗಿಂತ ಚಿಕ್ಕದು, ಬೆಲೆ ಅದರ ಎರಡರಷ್ಟು. ಮೇಲೆ ಹತ್ತು ಎಂಬ ಅಂಕಿಯೂ ಇಲ್ಲ, 'ಒನ್ ಡೈಮ್' ಅಷ್ಟೇ. ಆ ಚಿಕ್ಕ ಗಾತ್ರ ಬೆಳ್ಳಿ ನಾಣ್ಯಗಳ ಕಾಲದ ಲೆಕ್ಕ: ಬೆಲೆಗೆ ತಕ್ಕ ತೂಕ. 1965ರಲ್ಲಿ ಡೈಮ್, ಕ್ವಾರ್ಟರ್‌ಗಳಿಂದ ಬೆಳ್ಳಿ ಹೋಯಿತು, ಗಾತ್ರ ಉಳಿಯಿತು. ಇವತ್ತಿಗೂ ಐದು ಡೈಮ್ ತಕ್ಕಡಿಗೆ ಹಾಕಿದರೆ ಎರಡು ಕ್ವಾರ್ಟರಿನ ತೂಕವೇ. 1866ರಲ್ಲಿ ತಾಮ್ರ-ನಿಕಲ್ ಬೆರಕೆಯಲ್ಲಿ ಬಂದ ನಿಕಲ್‌ಗೆ ಈ ಲೆಕ್ಕ ಅನ್ವಯಿಸಲಿಲ್ಲ. ಹೆಸರಿನಲ್ಲಿ ಮಾತ್ರ ಡೈಮ್ ಪ್ರಾಮಾಣಿಕ. ಲ್ಯಾಟಿನ್ನಿನ 'ಹತ್ತನೇ ಒಂದು' ಎಂಬ ಪದದಿಂದ ಬಂದದ್ದು.

ಒಬ್ಬ ಹುಡುಗ ಕೇಳಿದ್ದ: 'ಗಡಿಯಾರದಲ್ಲಿ ಕ್ವಾರ್ಟರ್ ಅಂದರೆ ಹದಿನೈದು, ದುಡ್ಡಿನಲ್ಲಿ ಯಾಕೆ ಇಪ್ಪತ್ತೈದು?' ಊರಿಂದ ಬಂದಿದ್ದ ಅವನ ಅಜ್ಜಿ ನನಗಿಂತ ಮೊದಲೇ ಬಾಯಿ ಹಾಕಿದರು: 'ಕಾಲು ಗಂಟೆ, ಕಾಲು ಕೇಜಿ, ಕಾಲು ರೂಪಾಯಿ. ಯಾವುದರ ಕಾಲು ಅಂತ ನೋಡು ಪುಟ್ಟಾ.' ಅವರ ಬಾಯಲ್ಲಿ ಇಪ್ಪತ್ತೈದು ಪೈಸೆ ಇನ್ನೂ ನಾಲ್ಕಾಣೆಯೇ. ರೂಪಾಯಿಗೆ ಹದಿನಾರಾಣೆ ಇದ್ದಾಗಿನ ಹೆಸರು; 1957ರಲ್ಲಿ ನೂರು ಪೈಸೆಯ ಲೆಕ್ಕ ಬಂದಮೇಲೂ ಬಿಡಲಿಲ್ಲ. 4/16, 25/100, 1/4 ಮೂರೂ ಒಂದೇ ಎಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ನಾಣ್ಯದ ನಿಜವಾದ ಉಪಯೋಗ ಕೂಡುವಾಗ. 1/4 + 1/10 ಎಂದು ಬರೆದರೆ ಪೆನ್ಸಿಲ್ ಕಚ್ಚುವ ಮಗು, ಒಂದು ಕ್ವಾರ್ಟರ್ ಒಂದು ಡೈಮ್ ಇಟ್ಟರೆ ಥಟ್ಟನೆ 'ಮೂವತ್ತೈದು' ಅನ್ನುತ್ತದೆ. ಗೊತ್ತಿಲ್ಲದೆಯೇ ಎರಡಕ್ಕೂ ನೂರರ ಛೇದ ಕೊಟ್ಟಾಗಿದೆ: 35/100. ಸಂಕ್ಷೇಪಿಸುವುದು ಅಂದರೆ ಅಷ್ಟೇ ದುಡ್ಡನ್ನು ಒಂದೇ ಜಾತಿಯ, ಆದಷ್ಟು ಕಡಿಮೆ ನಾಣ್ಯಗಳಿಗೆ ಬದಲಾಯಿಸುವುದು. ಏಳು ನಿಕಲ್, 7/20.

ಅರವತ್ತು ಸೆಂಟಿಗೆ ಈ ಉಪಾಯ ಕೈಕೊಡುತ್ತದೆ. ಆರು ಡೈಮ್, 6/10ಕ್ಕೆ ನಿಲ್ಲುತ್ತದೆ. 3/5ಕ್ಕೆ ಇಳಿಯಲು ಇಪ್ಪತ್ತು ಸೆಂಟಿನ ನಾಣ್ಯ ಬೇಕು. ಅದನ್ನೂ ಅಮೆರಿಕ 1875ರಲ್ಲಿ ಅಚ್ಚು ಹಾಕಿತ್ತು. ನೋಡಲು ಕ್ವಾರ್ಟರಿನಂತೆಯೇ ಇತ್ತು, ಜನ ಮೋಸಹೋದರು, 1878ರಲ್ಲಿ ನಿಂತಿತು. ನನ್ನ ಡಬ್ಬಿಯಲ್ಲಿ ರಟ್ಟಿನಲ್ಲಿ ಕತ್ತರಿಸಿದ ಮೂರು ಇವೆ.