ಮಿಲ್ಲಿನ ಸದ್ದು ಮತ್ತು ಒಳಕಿವಿ: ಸಂಶೋಧನೆ ನಡೆದು ಬಂದ ದಾರಿ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲವೊಂದಿತ್ತು. ಆ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಬಹಳ ವರ್ಷಗಳಾದವು. ಲೂಮ್‌ಗಳ ನಡುವೆ ಹರೆಯ ಕಳೆದವರು ಮಾತ್ರ ಇನ್ನೂ ಊರಲ್ಲಿದ್ದಾರೆ. ಟಿವಿ ಸೌಂಡ್ ಜಾಸ್ತಿ ಇಡುತ್ತಾರೆ. ಮೊಮ್ಮಕ್ಕಳ ಮಾತಿಗೆ "ಏನಂದಿ?" ಅಂತ ಮತ್ತೆ ಮತ್ತೆ ಕೇಳುತ್ತಾರೆ. "ವಯಸ್ಸಾಯ್ತಲ್ಲ" ಅಂತ ಮನೆಯವರು ಸುಮ್ಮನಾಗುತ್ತಾರೆ. ವಯಸ್ಸಿನ ಪಾಲೂ ಇದ್ದೀತು. ಆದರೆ ಮಿಲ್ಲಿನ ಪಾಲನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಸದ್ದು ಕೆಡಿಸುವುದು ಒಳಕಿವಿಯನ್ನು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಈ ಕೋಶಗಳು ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುತ್ತವೆ. ಇವು ಕೂತಿರುವ ಭಾಗವನ್ನು ಇಟಲಿಯ ಅಲ್ಫೋನ್ಸೊ ಕೋರ್ಟಿ 1851ರಲ್ಲಿ ವಿವರಿಸಿದರು. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್, ಬಾಯ್ಲರ್ ತಯಾರಿಸುವ 100 ಕೆಲಸಗಾರರನ್ನು ಪರೀಕ್ಷಿಸಿದರು. ಉಪಕರಣ ಅಂದರೆ ಒಂದು ಪುಟ್ಟ ಗಡಿಯಾರ, ಅಷ್ಟೇ. ಅದರ ಟಿಕ್ ಟಿಕ್ ಎಷ್ಟು ದೂರದಿಂದ ಕೇಳುತ್ತದೆ ಅಂತ ಅಳೆದು, ಅಂಚೆಯವರ ಕಿವಿಯ ಜೊತೆ ಹೋಲಿಸಿದರು. ಬಾಯ್ಲರ್‌ನವರಲ್ಲಿ ಒಬ್ಬರ ಕಿವಿಯೂ ಸರಿಯಿರಲಿಲ್ಲ.

ನಮ್ಮ ಮಿಲ್ಲುಗಳಿಗೆ ಇನ್ನೂ ಹತ್ತಿರವಾದ ಅಧ್ಯಯನ ಸ್ಕಾಟ್ಲೆಂಡಿನ ಡಂಡೀಯದು. ಅಲ್ಲಿನ ಸೆಣಬಿನ ಮಿಲ್ಲಿನ ನೇಕಾರ ಹೆಂಗಸರ ಕಿವಿ ಪರೀಕ್ಷೆಯ ವರದಿ 1965ರಲ್ಲಿ ಬಂತು. ಲೂಮ್‌ಗಳ ಸದ್ದು ಸುಮಾರು 100 ಡೆಸಿಬಲ್. ಮೊದಲ 10-15 ವರ್ಷಗಳಲ್ಲೇ 4000 ಹರ್ಟ್ಸ್ ಸುತ್ತಲಿನ ಕೀರಲು ಸದ್ದುಗಳು ಬೇಗ ಬೇಗ ಕೈಬಿಟ್ಟಿದ್ದವು. ಮಾತು ಕೇಳುವ ಕೆಳಗಿನ ಸ್ವರಗಳಿಗೆ ಪೆಟ್ಟು ಬಿದ್ದದ್ದು ಆಮೇಲೆ. ಶುರುವಿನಲ್ಲಿ ಮಾತು ಕೇಳಿಸುತ್ತಲೇ ಇರುತ್ತದೆ. ಸ, ಶ ಅಕ್ಷರಗಳು ಮಾತ್ರ ಜಾರಿ ಹೋಗುತ್ತವೆ. "ಕೇಳ್ಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ" ಅಂತ ಹಿರಿಯರು ಹೇಳುವುದು ಇದನ್ನೇ ಅಲ್ವಾ? ಅವರು ಗಮನ ಕೊಡುತ್ತಿಲ್ಲ ಅಂತ ರೇಗುವುದು ಅನ್ಯಾಯ.

2009ರಲ್ಲಿ ಅಮೆರಿಕದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಜೋರು ಸದ್ದಿನಿಂದ ಮಂದವಾದ ಕಿವಿ ಕೆಲವು ದಿನಗಳಲ್ಲಿ ಸರಿಹೋಯಿತು, ರೋಮಕೋಶಗಳೂ ಉಳಿದವು. ಆದರೆ ಅವುಗಳಿಗೂ ನರಕ್ಕೂ ಇದ್ದ ಕೊಂಡಿಗಳಲ್ಲಿ ಬಹಳಷ್ಟು ಶಾಶ್ವತವಾಗಿ ಹೋಗಿದ್ದವು. ಮೆರವಣಿಗೆಯ ಡಿಜೆ ಮುಂದೆ ಕುಣಿದು ಬಂದ ರಾತ್ರಿ ಕಿವಿ ಗುಂಯ್ ಅನ್ನುತ್ತದೆ, ಬೆಳಿಗ್ಗೆ ಸರಿಹೋಗುತ್ತದೆ. ಪೂರ್ತಿ ಸರಿಹೋಯಿತು ಅಂತ ಈಗ ಧೈರ್ಯವಾಗಿ ಹೇಳುವಂತಿಲ್ಲ.

ಹಾಳಾದುದನ್ನು ಸರಿಪಡಿಸುವ ಪ್ರಯತ್ನವೂ ಹಳೆಯದೇ. 1957ರಲ್ಲಿ ಪ್ಯಾರಿಸ್‌ನಲ್ಲಿ ಕಿವಿಯ ನರಕ್ಕೆ ನೇರವಾಗಿ ವಿದ್ಯುತ್ ಕೊಟ್ಟು ನೋಡಿದರು. 1978ರಲ್ಲಿ ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ತಂಡ ಹಲವು ಚಾನೆಲ್‌ಗಳ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಯಲ್ಲಿ ಕೂತು ನರಕ್ಕೆ ವಿದ್ಯುತ್ ಸಂಕೇತ ಕೊಡುವ ಸಾಧನ, ಅಳವಡಿಸಿತು. 1988ರಲ್ಲಿ ಹಕ್ಕಿಗಳ ರೋಮಕೋಶ ಮತ್ತೆ ಬೆಳೆಯುತ್ತದೆ ಅಂತ ಗೊತ್ತಾದಾಗ ಆಸೆ ಚಿಗುರಿತು. ಮನುಷ್ಯರಲ್ಲಿ ಅದು ಇನ್ನೂ ಕೈಗೂಡಿಲ್ಲ. ದೊಡ್ಡ ನಿರೀಕ್ಷೆ ಹುಟ್ಟಿಸಿದ್ದ ಎಫ್‌ಎಕ್ಸ್-322 ಔಷಧ 2023ರ ಪ್ರಯೋಗದಲ್ಲಿ ಸೋತಿತು. ಗೆಲುವು ಬಂದದ್ದು ಬೇರೆ ಕಡೆಯಿಂದ. ಒಟೋಫ್ ಎಂಬ ಜೀನ್ ಕೆಟ್ಟು ಹುಟ್ಟಿನಿಂದಲೇ ಕಿವುಡಾಗಿದ್ದ ಆರು ಮಕ್ಕಳಿಗೆ ಶಾಂಘೈನಲ್ಲಿ ಜೀನ್ ಚಿಕಿತ್ಸೆ ಕೊಟ್ಟರು. ಐವರಿಗೆ ಕೇಳತೊಡಗಿತು ಅಂತ 2024ರ ಜನವರಿಯಲ್ಲಿ ವರದಿಯಾಯಿತು. ಆ ಮಕ್ಕಳ ರೋಮಕೋಶಗಳು ಬದುಕಿಯೇ ಇದ್ದವು. ಮಿಲ್ಲಿನವರ ಕಿವಿಗೆ ಈ ದಾರಿ ಇಲ್ಲ. ಅವರಿಗೆ ಇವತ್ತಿಗೂ ಹಿಯರಿಂಗ್ ಏಡ್, ತೀರಾ ಹೆಚ್ಚಾದರೆ ಇಂಪ್ಲಾಂಟ್.

ಒಂದು ಸ್ಥಿತಿಯಲ್ಲಿ ಮಾತ್ರ ದಿನಗಳನ್ನು ಎಣಿಸಬೇಕಾಗುತ್ತದೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಿದ್ದರೆ ತಡಮಾಡದೆ ಇಎನ್‌ಟಿ ವೈದ್ಯರನ್ನು ಕಾಣಬೇಕು. 1980ರ ಒಂದು ಪ್ರಯೋಗದ ನಂತರ ಇದಕ್ಕೆ ಸ್ಟೀರಾಯ್ಡ್ ಕೊಡುವುದು ರೂಢಿಗೆ ಬಂತು. ಎಲ್ಲರಿಗೂ ಫಲಿಸುವುದಿಲ್ಲ, ಆದರೆ ಎರಡು ವಾರದೊಳಗೆ ಶುರುವಾದರೆ ಅವಕಾಶ ಜಾಸ್ತಿ. ಕಿವಿಗೆ ಬಿಸಿ ಎಣ್ಣೆ ಬಿಟ್ಟು ಕಾಯುವುದರಿಂದ ಆ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಎಣ್ಣೆ ಒಳಕಿವಿಗೆ ತಲುಪುವುದೇ ಇಲ್ಲ.

ಇನ್ನು ಕಾನೂನು. ನಮ್ಮ ಕಾರ್ಖಾನೆ ನಿಯಮಗಳ ಪ್ರಕಾರ 8 ಗಂಟೆಗೆ 90 ಡೆಸಿಬಲ್ ಮಿತಿ. ತಜ್ಞರು ಸುರಕ್ಷಿತ ಅನ್ನುವುದು 85. ಆ 85ರ ಲೆಕ್ಕದಲ್ಲಿ 100 ಡೆಸಿಬಲ್ ಸದ್ದಿನಲ್ಲಿ ಬರಿಗಿವಿಯಲ್ಲಿ ಇರಬಹುದಾದದ್ದು ದಿನಕ್ಕೆ 15 ನಿಮಿಷ. ಸದ್ದಿನಿಂದ ಬರುವ ಕಿವುಡು ಕೆಲಸದ ಸುರಕ್ಷತೆಯ ಕಾನೂನಿನ ರೋಗಗಳ ಪಟ್ಟಿಯಲ್ಲಿದೆ. ಅಂದರೆ ಕಂಡ ವೈದ್ಯರು ಅದನ್ನು ಕಾರ್ಖಾನೆ ಇಲಾಖೆಗೆ ತಿಳಿಸಲೇಬೇಕು. ಅಕ್ಕಿ ಗಿರಣಿಯಲ್ಲಿ, ಜಿನ್ನಿಂಗ್ ಮಿಲ್ಲಿನಲ್ಲಿ, ಬೋರ್‌ವೆಲ್ ಲಾರಿಯ ಮೇಲೆ ಇವತ್ತು ದುಡಿಯುತ್ತಿರುವವರಿಗೆ ಕಿವಿ ಮುಚ್ಚುವ ಇಯರ್ ಮಫ್ ಕೊಡಿಸಿ, ವರ್ಷಕ್ಕೊಮ್ಮೆ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಬೇಕು. ಅದಕ್ಕೆ ಬೇಕಾದ ಇಎನ್‌ಟಿ ವಿಭಾಗಗಳು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇವೆ.